ಎಂಟು ಓಮ್ ಎಂದರೆ ಎಷ್ಟು?

ಹತ್ತನೆಯ ತರಗತಿಯ ‘ವಿದ್ಯುಚ್ಛಕ್ತಿ’ ಘಟಕ ಬೋಧನಾಭ್ಯಾಸದ ದಿನಗಳಲ್ಲಿ ಪ್ರತಿ ವರ್ಷವೂ ಯಾರಾದರೊಬ್ಬ ಪ್ರಶಿಕ್ಷಣಾರ್ಥಿಯ ಪಾಲಿಗೆ ಬಂದೇ ಬರುತ್ತದೆ. ಅದರಲ್ಲಿ ರೋಧಕಗಳ ಸರಣಿ ಜೋಡಣೆ, ಸಮಾಂತರ ಜೋಡಣೆ ಎಂಬ ಭಾಗ ಪಾಠ ಮಾಡುವವರಿಗೆ ಅಚ್ಚುಮೆಚ್ಚು. ಎರಡು ಚಿತ್ರ, ಎರಡು ಸೂತ್ರ, ನಾಲ್ಕು ಲೆಕ್ಕ. ಮಕ್ಕಳು ಬೇಗ ಹಿಡಿಯುತ್ತಾರೆ, ಉತ್ತರಗಳು ಸರಿ ಬರುತ್ತವೆ, ಮೌಲ್ಯಮಾಪನದ ಹಂತಕ್ಕೆ ಸಮಯವೂ ಉಳಿಯುತ್ತದೆ. ಭೌತವಿಜ್ಞಾನ ಬೋಧನಾ ವಿಧಾನದ ಮಾರ್ಗದರ್ಶಕನಾಗಿ ಹಿಂದಿನ ಬೆಂಚಿನಲ್ಲಿ ಕುಳಿತು ಈ ಪಾಠವನ್ನು ನೋಡಿದಷ್ಟು ಸಲ ಬೇರೆ ಯಾವ ಪಾಠವನ್ನೂ ನಾನು ನೋಡಿರಲಾರೆ.

ಪಾಠ ಇಷ್ಟು ಸಲೀಸಾಗಿ ಸಾಗುವುದರಲ್ಲಿಯೇ ಒಂದು ಕೊರತೆಯಿದೆ. ‘8 ಓಮ್’ ಎಂಬ ಉತ್ತರ ಬಂದ ಮೇಲೆ, ಆ ಎಂಟು ಯಾವ ವಸ್ತುವಿನ ಯಾವ ಗುಣವನ್ನು ಹೇಳುತ್ತದೆ, ಎಲ್ಲಿಯವರೆಗೆ ಹೇಳುತ್ತದೆ ಎಂದು ಕೇಳುವವರು ಇರುವುದಿಲ್ಲ. ಹಾಗೆ ಕೇಳಿಸಬಲ್ಲ ಒಂದು ವಸ್ತು ನನಗೆ ಹವ್ಯಾಸದ ಮೂಲಕ ಸಿಕ್ಕಿತು: ಎಲೆಕ್ಟ್ರಿಕ್ ಗಿಟಾರಿನ ಸ್ಪೀಕರ್. ನಾನು ಗಿಟಾರ್ ನುಡಿಸುವುದು ಸಂತೋಷಕ್ಕೆ. ಹಳೆಯ ಆಂಪ್ಲಿಫೈಯರ್ ರಿಪೇರಿ ಮಾಡುವುದು ಅನಿವಾರ್ಯಕ್ಕೆ. ಈ ಎರಡರ ನಡುವೆ, ಸರಣಿ ಮತ್ತು ಸಮಾಂತರ ಜೋಡಣೆಗಳು ಬರೀ ಲೆಕ್ಕವಲ್ಲ, ಕಿವಿಗೆ ಕೇಳುವ ಸಂಗತಿಗಳು ಎಂಬುದು ನನಗೆ ಮನದಟ್ಟಾಯಿತು. ಅದು ತರಗತಿಯಲ್ಲಿ ಹೇಗೆ ಉಪಯೋಗಕ್ಕೆ ಬಂತು, ಮತ್ತು ಅದರಿಂದ ನಮ್ಮ ಪಾಠ ಅವಲೋಕನದ ರೀತಿಯ ಬಗ್ಗೆಯೇ ಏಕೆ ಒಂದು ಚರ್ಚೆ ಎದ್ದಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ತಂತಿಯಿಂದ ಕಾಗದದವರೆಗೆ

ಎಲೆಕ್ಟ್ರಿಕ್ ಗಿಟಾರಿಗೆ ವೀಣೆಯ ಹಾಗೆ ದನಿಯನ್ನು ತುಂಬಿಕೊಡುವ ಪೊಳ್ಳು ಕೊಡವಿಲ್ಲ. ಅದರ ಮೈ ಸಾಮಾನ್ಯವಾಗಿ ಗಟ್ಟಿ ಮರದ ಹಲಗೆ. ಆಂಪ್ಲಿಫೈಯರ್ ಇಲ್ಲದೆ ಮೀಟಿದರೆ ಪಕ್ಕದ ಕೋಣೆಗೂ ಕೇಳಿಸದು. ತಂತಿಯ ಕೆಳಗಿರುವ ಪಿಕಪ್ ಎಂದರೆ ಅಯಸ್ಕಾಂತ ಮತ್ತು ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ ತೆಳು ತಾಮ್ರದ ತಂತಿ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಾಡಿ, ಸುರುಳಿಯಲ್ಲಿ ಒಂದು ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಆಂಪ್ಲಿಫೈಯರ್ ಆ ಸಣ್ಣ ವೋಲ್ಟೇಜನ್ನು ದೊಡ್ಡದು ಮಾಡುತ್ತದೆ. ಕೊನೆಯಲ್ಲಿ ಸ್ಪೀಕರ್: ಮತ್ತೆ ಅಯಸ್ಕಾಂತ, ಮತ್ತೆ ಸುರುಳಿ. ಈ ಸಲ ಪ್ರವಾಹ ಹರಿಯುವ ಸುರುಳಿಯ ಮೇಲೆ ಬಲ ಉಂಟಾಗಿ, ಅದಕ್ಕೆ ಅಂಟಿಸಿದ ಕಾಗದದ ಕೋನ್ ಹಿಂದೆ ಮುಂದೆ ಚಲಿಸಿ ಗಾಳಿಯನ್ನು ತಳ್ಳುತ್ತದೆ. ಫ್ಲೆಮಿಂಗನ ಎಡಗೈ ನಿಯಮಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಈ ಚಲಿಸುವ ಸುರುಳಿಯ ಸ್ಪೀಕರನ್ನು ಇಂದಿನ ರೂಪಕ್ಕೆ ತಂದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್, 1925ರ ಸುಮಾರಿಗೆ.

ಮನೆಯ ಮ್ಯೂಸಿಕ್ ಸಿಸ್ಟಮ್ಮಿನ ಸ್ಪೀಕರ್ ಬಂದದ್ದನ್ನು ಬಂದ ಹಾಗೆ ಒಪ್ಪಿಸಬೇಕು ಎನ್ನುವುದು ಅದನ್ನು ಮಾಡುವವರ ಗುರಿ. ಗಿಟಾರಿನ ಸ್ಪೀಕರಿಗೆ ಆ ಗುರಿ ಇಲ್ಲ. 12 ಇಂಚಿನ ಮಾಮೂಲಿ ಗಿಟಾರ್ ಸ್ಪೀಕರ್ ಸುಮಾರು 75 ಹರ್ಟ್ಸ್‌ನಿಂದ 5,000 ಹರ್ಟ್ಸ್‌ವರೆಗೆ ಕೆಲಸ ಮಾಡುತ್ತದೆ. ಅದರ ಮೇಲೆ ದನಿ ಕಡಿದಾಗಿ ಇಳಿದುಬಿಡುತ್ತದೆ. ಮನುಷ್ಯನ ಕಿವಿ 20,000 ಹರ್ಟ್ಸ್‌ವರೆಗೂ ಕೇಳಬಲ್ಲದು ಎಂದು ನಾವು ಒಂಬತ್ತನೆಯ ತರಗತಿಯಲ್ಲಿ ಕಲಿಸುತ್ತೇವೆ. ಅಂದರೆ ಗಿಟಾರಿನ ಸ್ಪೀಕರ್ ಬಹಳಷ್ಟನ್ನು ಸೋಸಿ ಎಸೆಯುತ್ತದೆ. ಆ ಸೋಸುವಿಕೆಯೇ ನಮಗೆ ಬೇಕಾದ ನಾದ. ಆಂಪ್ಲಿಫೈಯರನ್ನು ಮಿತಿಮೀರಿ ಏರಿಸಿದಾಗ ತರಂಗದ ತುದಿಗಳು ಕತ್ತರಿಸಿಹೋಗಿ ಮೇಲಿನ ಆವೃತ್ತಿಗಳು ರಾಶಿ ಬೀಳುತ್ತವೆ. ಅದೇ ಸಂಕೇತವನ್ನು ಮನೆಯ ಮ್ಯೂಸಿಕ್ ಸಿಸ್ಟಮ್ಮಿಗೆ ಕೊಟ್ಟು ನೋಡಿ: ಡಬ್ಬದೊಳಗೆ ಸಿಕ್ಕಿಕೊಂಡ ದುಂಬಿಯ ಗುಯ್ಗುಟ್ಟುವಿಕೆ. ಗಿಟಾರ್ ಸ್ಪೀಕರಿಗೆ ಕೊಡಿ: ಗಂಟಲು ತುಂಬಿದ ಹಾಡು.

ಕೋನ್ ಎಷ್ಟು ಮುಖ್ಯ ಎಂಬುದಕ್ಕೆ 1964ರ ಒಂದು ಉದಾಹರಣೆ ಪ್ರಸಿದ್ಧ. ಇಂಗ್ಲೆಂಡಿನ ‘ದ ಕಿಂಕ್ಸ್’ ತಂಡದ ಡೇವ್ ಡೇವಿಸ್ ತನ್ನ ಸಣ್ಣ ಆಂಪ್ಲಿಫೈಯರಿನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿದ. ‘ಯು ರಿಯಲಿ ಗಾಟ್ ಮಿ’ ಹಾಡಿನಲ್ಲಿ ಕೇಳುವ ಆ ಹರಿದ, ಒರಟು ದನಿ ಹುಟ್ಟಿದ್ದು ಅದರಿಂದ. ವಿದ್ಯುನ್ಮಂಡಲದಲ್ಲಿ ಏನೂ ಬದಲಾಗಿರಲಿಲ್ಲ. ಬದಲಾದದ್ದು ಕಾಗದ ಮಾತ್ರ.

ಫುಲರ್ಟನ್‌ನಿಂದ ಹ್ಯಾನ್‌ವೆಲ್‌ಗೆ

ಸ್ಪೀಕರ್ ಮತ್ತು ಅದರ ಜೋಡಣೆ ದನಿಯನ್ನು ಹೇಗೆ ಬದಲಿಸುತ್ತದೆ ಎಂದು ಹೇಳಲು ನಾನು ಪ್ರಶಿಕ್ಷಣಾರ್ಥಿಗಳಿಗೆ ಕೊಡುವ ಉದಾಹರಣೆ ಎರಡು ಆಂಪ್ಲಿಫೈಯರ್‌ಗಳದು.

ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿದ್ದ ಫೆಂಡರ್ ಕಂಪನಿ 1950ರ ದಶಕದ ಕೊನೆಗೆ ಬಾಸ್‌ಮನ್ ಎಂಬ ವಾಲ್ವ್ ಆಂಪ್ಲಿಫೈಯರನ್ನು ಮಾರುತ್ತಿತ್ತು. ಅದರಲ್ಲಿ 10 ಇಂಚಿನ ನಾಲ್ಕು ಸ್ಪೀಕರ್‌ಗಳು, ಒಂದೊಂದೂ 8 ಓಮ್, ನಾಲ್ಕೂ ಸಮಾಂತರ. ಒಟ್ಟು ಎಷ್ಟು? 2 ಓಮ್. ಪೆಟ್ಟಿಗೆಯ ಹಿಂಭಾಗ ತೆರೆದಿತ್ತು. ಲಂಡನ್ನಿನ ಪಶ್ಚಿಮಕ್ಕಿರುವ ಹ್ಯಾನ್‌ವೆಲ್‌ನಲ್ಲಿ ಜಿಮ್ ಮಾರ್ಷಲ್ ಎಂಬ ಡ್ರಮ್ ವಾದಕರ ವಾದ್ಯದ ಅಂಗಡಿಯಿತ್ತು. ಅಮೆರಿಕದಿಂದ ತರಿಸುವ ಆಂಪ್ಲಿಫೈಯರ್ ದುಬಾರಿ. ಹಾಗಾಗಿ 1962ರ ಸುಮಾರಿಗೆ ಅವರ ಅಂಗಡಿಯಲ್ಲಿ ಬಾಸ್‌ಮನ್ನಿನ ಮಂಡಲವನ್ನೇ ಬಹುಪಾಲು ಅನುಸರಿಸಿ ಒಂದು ಆಂಪ್ಲಿಫೈಯರ್ ತಯಾರಾಯಿತು. ಆದರೆ ಅಲ್ಲಿ ಸಿಗುತ್ತಿದ್ದ ಬಿಡಿಭಾಗಗಳು ಬೇರೆ. ಮುಖ್ಯವಾಗಿ ಸ್ಪೀಕರ್ ಬೇರೆ: ಇಂಗ್ಲೆಂಡಿನ ಸೆಲೆಸ್ಟಿಯನ್ ಕಂಪನಿಯ 12 ಇಂಚಿನವು. ಅವು ತಡೆದುಕೊಳ್ಳುತ್ತಿದ್ದುದು ಒಂದೊಂದಕ್ಕೆ 15–20 ವ್ಯಾಟ್ ಮಾತ್ರ. ಆದ್ದರಿಂದ ನಾಲ್ಕನ್ನು ಹಿಂಭಾಗ ಮುಚ್ಚಿದ ಒಂದೇ ಪೆಟ್ಟಿಗೆಯಲ್ಲಿ ಕೂರಿಸಿದರು.

ಹೀಗೆ ಶುರುವಾದ ನಾಲ್ಕು ಸ್ಪೀಕರಿನ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಕಾಣುವ ಜೋಡಣೆಯನ್ನು ನೋಡಿ. 16 ಓಮ್‌ನ ಎರಡು ಸ್ಪೀಕರ್ ಸರಣಿಯಲ್ಲಿ 32 ಓಮ್. ಅಂಥ ಎರಡು ಜೋಡಿ ಸಮಾಂತರದಲ್ಲಿ ಮತ್ತೆ 16 ಓಮ್. ನಾಲ್ಕು ಸೇರಿಸಿದರೂ ಒಂದರಷ್ಟೇ! ಶಕ್ತಿ ಮಾತ್ರ ನಾಲ್ಕಕ್ಕೂ ಸಮನಾಗಿ ಹಂಚಿಹೋಗುತ್ತದೆ. ಒಂದು ಸ್ಪೀಕರಿನ ಕಾಯಿಲ್ ಸುಟ್ಟರೆ ಅದರ ಜೊತೆಯದೂ ಮೌನ. ಉಳಿದ ಜೋಡಿ ಹಾಡುತ್ತಲೇ ಇರುತ್ತದೆ, ಆಂಪ್ಲಿಫೈಯರಿಗೆ ಕಾಣುವುದು ಈಗ 32 ಓಮ್. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಕೊಡುವುದು ಕಷ್ಟ.

ಮಂಡಲ ಹೆಚ್ಚುಕಡಿಮೆ ಒಂದೇ ಆದರೂ ಎರಡರ ದನಿ ಬೇರೆಬೇರೆಯಾಯಿತು. ವಾಲ್ವ್‌ಗಳು, ಟ್ರಾನ್ಸ್‌ಫಾರ್ಮರ್ ಬೇರೆಯಾದದ್ದೂ ಅದಕ್ಕೆ ಕಾರಣ. ಸ್ಪೀಕರು, ಪೆಟ್ಟಿಗೆ ಅಷ್ಟೇ ದೊಡ್ಡ ಕಾರಣ. ತೆರೆದ ಪೆಟ್ಟಿಗೆಯಲ್ಲಿ ಕೋನಿನ ಹಿಂದಿನಿಂದ ಹೊರಟ ಅಲೆ ಸುತ್ತಿ ಬಂದು ಮುಂದಿನ ಅಲೆಯ ತಗ್ಗು ಸ್ವರಗಳನ್ನು ಒಂದಿಷ್ಟು ಅಳಿಸುತ್ತದೆ; ದನಿ ಹಗುರಾಗಿ ಕೋಣೆಯ ತುಂಬ ಹರಡುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಹಿಂದಿನ ಅಲೆ ಒಳಗೇ ಉಳಿಯುತ್ತದೆ. ತಗ್ಗು ಸ್ವರ ಎದೆಗೆ ಗುದ್ದುತ್ತದೆ.

ಹಿಂದಿನ ಸಾಲಿನಿಂದ ಬಂದ ಪ್ರಶ್ನೆ

ಈಗ ತರಗತಿಗೆ ಬರುತ್ತೇನೆ. ತಾಲ್ಲೂಕು ಕೇಂದ್ರದ ಒಂದು ಸರ್ಕಾರಿ ಪ್ರೌಢಶಾಲೆ. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಸರಣಿ, ಸಮಾಂತರ ಜೋಡಣೆಗಳ ಪಾಠಕ್ಕೆ ಬಲ್ಬುಗಳ ಬದಲು ಸ್ಪೀಕರ್‌ಗಳನ್ನು ಉದಾಹರಣೆಯಾಗಿ ಆರಿಸಿಕೊಂಡಿದ್ದರು. ಗಣೇಶನ ಹಬ್ಬ ಆಗತಾನೇ ಮುಗಿದು, ಊರಿನ ಬೀದಿಬೀದಿಗಳಲ್ಲಿ ರಸಮಂಜರಿ ಕಾರ್ಯಕ್ರಮಗಳ ಸದ್ದು ಮಕ್ಕಳ ಕಿವಿಯಲ್ಲಿ ಇನ್ನೂ ಇದ್ದ ದಿನಗಳು. ಹಲಗೆಯ ಮೇಲೆ ಲೆಕ್ಕ ಹೀಗಿತ್ತು: ಗಿಟಾರಿನ ಆಂಪ್ಲಿಫೈಯರಿಗೆ 8 ಓಮ್ ಬೇಕು. 4 ಓಮ್‌ನ ಎರಡು ಸ್ಪೀಕರ್ ಇದ್ದರೆ ಹೇಗೆ ಜೋಡಿಸುವಿರಿ? 16 ಓಮ್‌ನ ಎರಡಿದ್ದರೆ?

ಉತ್ತರ ಥಟ್ಟನೆ ಬಂತು: ಮೊದಲನೆಯದು ಸರಣಿ, ಎರಡನೆಯದು ಸಮಾಂತರ. ಆಗ ಒಬ್ಬ ಹುಡುಗ ಎದ್ದ. ಅವನ ಅಣ್ಣ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಾನೆ. “ಮಿಸ್, ಎರಡೂ ಎಂಟೇ ಆದ್ರೂ ಸೌಂಡ್ ಒಂದೇ ಥರ ಬರಲ್ಲ ಅಂತಾನೆ ನಮ್ಮಣ್ಣ. ಸೀರೀಸ್ ಮಾಡಿದ್ರೆ ಮೆತ್ತಗೆ, ಪ್ಯಾರಲಲ್ ಮಾಡಿದ್ರೆ ಗಟ್ಟಿ.”

ಅವನು ಕುಳಿತುಕೊಳ್ಳುವ ಮೊದಲೇ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. ಆ ಶಾಲೆಯಲ್ಲಿ ನಾನು ನೋಡಿದ್ದ ಮೂರ್ನಾಲ್ಕು ಪಾಠಗಳಲ್ಲಿ ಅವಳು ಮಾತಾಡಿದ್ದು ಅದೇ ಮೊದಲು. ಅವಳ ತಂದೆಯದು ಶಾಮಿಯಾನ, ಮೈಕ್‌ಸೆಟ್ ಬಾಡಿಗೆಗೆ ಕೊಡುವ ಕಸುಬು. “ಮಿಸ್, ಸ್ಪೀಕರ್ ಹಿಂದೆ ಎಂಟು ಅಂತ ಬರ್ದಿರುತ್ತೆ. ನಮ್ಮಪ್ಪ ಮೀಟರ್ ಇಟ್ರೆ ಆರೂವರೆ ತೋರ್ಸುತ್ತೆ. ಹೊಸ ಸ್ಪೀಕರ್‌ಗೂ ಹಂಗೇ. ಹಂಗಾದ್ರೆ ಎಂಟು ಎಲ್ಲಿದೆ?”

ಆ ಪ್ರಶ್ನೆಯ ತೂಕ ನೋಡಿ. ಪುಸ್ತಕ ಸರಿ, ಮೀಟರ್ ತಪ್ಪು ಎಂದರೆ ಅಪ್ಪನ ಕಸುಬು ಸುಳ್ಳಾಗುತ್ತದೆ. ಮೀಟರ್ ಸರಿ, ಪುಸ್ತಕ ತಪ್ಪು ಎಂದರೆ ಓದು ಸುಳ್ಳಾಗುತ್ತದೆ. “ಅದೆಲ್ಲ ಮುಂದೆ ಪಿಯುಸಿಯಲ್ಲಿ ಬರುತ್ತದೆ, ಕೂತ್ಕೋ” ಎಂದರೆ ಮನೆಯ ತಿಳಿವಳಿಕೆ ಮತ್ತು ಶಾಲೆಯ ತಿಳಿವಳಿಕೆ ಎರಡು ಬೇರೆ ಲೋಕಗಳು ಎಂದು ಅವಳಿಗೆ ಮತ್ತೊಮ್ಮೆ ಹೇಳಿದಂತಾಗುತ್ತದೆ. ಪ್ರಶಿಕ್ಷಣಾರ್ಥಿ ಇವು ಮೂರನ್ನೂ ಹೇಳಲಿಲ್ಲ. ಎರಡೂ ಪ್ರಶ್ನೆಗಳನ್ನು ಹಲಗೆಯ ಬಲಮೂಲೆಯಲ್ಲಿ ಮಕ್ಕಳ ಮಾತಿನಲ್ಲೇ ಬರೆದು, ಸುತ್ತ ಗೆರೆ ಎಳೆದು, “ಇವನ್ನು ಒರೆಸಬೇಡಿ. ಸ್ಪೀಕರನ್ನೇ ತಂದು ಕೇಳೋಣ” ಎಂದರು. ಅಷ್ಟರಲ್ಲಿ ಎಂಟು ನಿಮಿಷ ಕಳೆದಿತ್ತು. ಪಾಠಯೋಜನೆಯ ಕೊನೆಯ ಹಂತ ಮುಗಿಯದೆ ಗಂಟೆ ಹೊಡೆಯಿತು.

ಸಂಖ್ಯೆಯಲ್ಲ, ಏರಿಳಿಯುವ ಗೆರೆ

ಆ ಸಂಜೆ ನಾವಿಬ್ಬರೂ ಕುಳಿತು ಉತ್ತರವನ್ನು ಹತ್ತನೆಯ ತರಗತಿಯ ಗಣಿತದ ಮಟ್ಟಕ್ಕೆ ತಂದುಕೊಂಡೆವು.

ಮಲ್ಟಿಮೀಟರ್ ಅಳೆಯುವುದು ಸುರುಳಿ ಅಲುಗದೆ ಇರುವಾಗಿನ ರೋಧ, ಅಂದರೆ ತಾಮ್ರದ ತಂತಿಯದಷ್ಟೇ. 8 ಓಮ್ ಎಂದು ಬರೆದ ಸ್ಪೀಕರಿನಲ್ಲಿ ಅದು ಸಾಮಾನ್ಯವಾಗಿ 6ರಿಂದ 7 ಓಮ್. ಅಪ್ಪನ ಮೀಟರ್ ಸರಿಯಾಗಿಯೇ ಇದೆ. ಆದರೆ ಸ್ಪೀಕರ್ ಹಾಡುವಾಗ ಸುರುಳಿ ಅಯಸ್ಕಾಂತದ ನಡುವೆ ಓಡಾಡುತ್ತದೆ. ಹಾಗೆ ಓಡಾಡುವ ಸುರುಳಿಯಲ್ಲಿ, ಪಿಕಪ್ಪಿನಲ್ಲಿ ಆದಂತೆಯೇ, ಒಂದು ವೋಲ್ಟೇಜ್ ಹುಟ್ಟಿ ಬರುವ ಪ್ರವಾಹವನ್ನು ಎದುರಿಸುತ್ತದೆ. ಕೋನಿಗೆ ತನ್ನದೇ ಆದ ಒಂದು ಸಹಜ ಆವೃತ್ತಿಯಿದೆ. ಜೋಕಾಲಿಗೆ ಇದ್ದ ಹಾಗೆ. 12 ಇಂಚಿನ ಗಿಟಾರ್ ಸ್ಪೀಕರಿನಲ್ಲಿ ಅದು ಸುಮಾರು 75 ಹರ್ಟ್ಸ್. ಗಿಟಾರಿನ ಅತಿ ತಗ್ಗಿನ ತಂತಿಯ 82 ಹರ್ಟ್ಸ್‌ಗೆ ಬಹಳ ಹತ್ತಿರ. ಅಲ್ಲಿ ಕೋನ್ ಅತ್ಯಂತ ಸುಲಭವಾಗಿ ಓಡಾಡುವುದರಿಂದ ಎದುರು ವೋಲ್ಟೇಜೂ ಹೆಚ್ಚು. ಆಗ ಆಂಪ್ಲಿಫೈಯರಿಗೆ ಸ್ಪೀಕರ್ 50–60 ಓಮ್‌ನಂತೆಯೂ ಕಾಣಬಹುದು. ಆವೃತ್ತಿ ಏರಿ ಕೆಲವು ನೂರು ಹರ್ಟ್ಸ್‌ಗೆ ಬಂದಾಗ ಅದು 8ರ ಹತ್ತಿರಕ್ಕೆ ಇಳಿಯುತ್ತದೆ. ಇನ್ನೂ ಮೇಲೆ ಹೋದರೆ ಸುರುಳಿಯ ಗುಣದಿಂದಲೇ ಮತ್ತೆ ಏರುತ್ತದೆ. ತಯಾರಕರು ಬರೆಯುವ 8 ಎನ್ನುವುದು ಈ ಏರಿಳಿಯುವ ಗೆರೆಯ ತಗ್ಗಿನ ಭಾಗಕ್ಕೆ ಇಟ್ಟ ಒಂದು ಹೆಸರು. ‘ಎಂಟು ಎಲ್ಲಿದೆ?’ ಎಂದರೆ, ಅಲ್ಲಿದೆ.

ಇದರಿಂದ ನಾದಕ್ಕೇನು? ಆಂಪ್ಲಿಫೈಯರಿಗೂ ಬ್ಯಾಟರಿಯಂತೆ ಒಳಗಿನ ರೋಧ ಇರುತ್ತದೆ ಎಂದುಕೊಳ್ಳಿ. ಉದಾಹರಣೆಗೆಂದು ಅದನ್ನು 8 ಓಮ್ ಎಂದು ಹಿಡಿಯೋಣ. ಸ್ಪೀಕರ್ 8 ಓಮ್ ಆಗಿ ಕಾಣುವ ಆವೃತ್ತಿಯಲ್ಲಿ ಒಟ್ಟು ವೋಲ್ಟೇಜಿನ 8/16, ಅಂದರೆ ಅರ್ಧ ಭಾಗ ಸ್ಪೀಕರಿಗೆ ಸಿಗುತ್ತದೆ. ಅದೇ ಸ್ಪೀಕರ್ 56 ಓಮ್ ಆಗಿ ಕಾಣುವ ಆವೃತ್ತಿಯಲ್ಲಿ 56/64, ಅಂದರೆ 7/8 ಭಾಗ. ಆ ತಗ್ಗು ಸ್ವರಕ್ಕೆ ಒಂದೂಮುಕ್ಕಾಲು ಪಟ್ಟು ವೋಲ್ಟೇಜ್! ಒಳರೋಧ 0.1 ಓಮ್ ಆಗಿದ್ದರೆ ಎರಡೂ ಕಡೆ ಬಹುತೇಕ ಪೂರ್ತಿ ವೋಲ್ಟೇಜ್ ಸಿಗುತ್ತದೆ, ವ್ಯತ್ಯಾಸವೇ ಇರುವುದಿಲ್ಲ. ವಾಲ್ವ್ ಆಂಪ್ಲಿಫೈಯರ್‌ಗಳು ಮೊದಲನೆಯ ಬಗೆಗೆ ಹತ್ತಿರ, ಸಾಮಾನ್ಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳು ಎರಡನೆಯ ಬಗೆಗೆ. ವಾಲ್ವ್‌ನವುಗಳಲ್ಲಿಯೂ ಹೊರಹೋಗುವ ಸಂಕೇತದ ಒಂದು ಪಾಲನ್ನು ಹಿಂದಕ್ಕೆ ತಂದು ತಿದ್ದಿಕೊಳ್ಳುವ ಏರ್ಪಾಡು ಇದ್ದರೆ ಒಳರೋಧ ಇಳಿಯುತ್ತದೆ. ಇಂಗ್ಲೆಂಡಿನ ವಾಕ್ಸ್ ಎಸಿ-30ಯಲ್ಲಿ ಆ ಏರ್ಪಾಡು ಇಲ್ಲ. ಅದರ ದನಿಯಲ್ಲಿ ಸ್ಪೀಕರಿನ ಏರಿಳಿತ ಹೆಚ್ಚು ಢಾಳಾಗಿ ಕಾಣುತ್ತದೆ. ‘ವಾಲ್ವ್ ಸೌಂಡ್ ಬೆಚ್ಚಗಿರುತ್ತದೆ’ ಎಂದು ಗಿಟಾರಿನವರು ಹೇಳುವುದರ ಒಂದು ಪಾಲು ಇದೇ ಭಾಗಾಕಾರ.

ಪರದೆಯ ಹಿಂದೆ

ಶಾಲೆಯ ವಿಜ್ಞಾನ ಶಿಕ್ಷಕರು ಔದಾರ್ಯದಿಂದ ತಮ್ಮ ಒಂದು ಅವಧಿ ಬಿಟ್ಟುಕೊಟ್ಟರು. ಸಾಮಗ್ರಿ: 4 ಓಮ್‌ವರೆಗೆ ತಡೆಯುವ ಸಣ್ಣ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್, 6 ಇಂಚಿನ 8 ಓಮ್‌ನ ಒಂದೇ ಮಾದರಿಯ ಎರಡು ಸ್ಪೀಕರ್, ಬೇರೆ ಮಾದರಿಯ ಮತ್ತೊಂದು, ಹುಡುಗನ ಅಣ್ಣನ ಗಿಟಾರ್, ಒಂದು ಪರದೆ, ಗಟ್ಟಿತನ ತೋರಿಸುವ ಮೊಬೈಲ್ ಆ್ಯಪ್.

ಮೊದಲು ಎರಡು ಸ್ಪೀಕರ್‌ಗಳನ್ನು ಸರಣಿಯಲ್ಲಿ, ಆಮೇಲೆ ಸಮಾಂತರದಲ್ಲಿ ಜೋಡಿಸಿ ಅದೇ ಸ್ವರವನ್ನು ನುಡಿಸಲಾಯಿತು. ಇಡೀ ತರಗತಿ ಸಮಾಂತರದ ಕಡೆ: ಗಟ್ಟಿಯಾಗಿದೆ, ತುಂಬಿಕೊಂಡಿದೆ, ಚೆನ್ನಾಗಿದೆ. ಹುಡುಗ ಗೆದ್ದ ಖುಷಿಯಲ್ಲಿದ್ದ. ಪ್ರಶಿಕ್ಷಣಾರ್ಥಿ ಹಲಗೆಗೆ ಹೋಗಿ ಲೆಕ್ಕ ಮಾಡಿಸಿದರು: ಸರಣಿಯಲ್ಲಿ 16 ಓಮ್, ಸಮಾಂತರದಲ್ಲಿ 4 ಓಮ್. ವೋಲ್ಟೇಜ್ ಅಷ್ಟೇ ಇದ್ದರೆ ಸಮಾಂತರದಲ್ಲಿ ಶಕ್ತಿ ನಾಲ್ಕು ಪಟ್ಟು. “ಹಾಗಾದರೆ ನಾವು ಹೋಲಿಸಿದ್ದು ಜೋಡಣೆಯನ್ನೋ, ಗಟ್ಟಿತನವನ್ನೋ?” ಎಂದು ಕೇಳಿದರು. ಸಣ್ಣ ದನಿಯಲ್ಲಿ ನಮ್ಮ ಕಿವಿಗೆ ತಗ್ಗು ಸ್ವರಗಳು ಕಡಿಮೆ ಕೇಳುತ್ತವೆ. ಗಟ್ಟಿ ಮಾಡಿದರೆ ತಾವಾಗಿ ತುಂಬಿಕೊಂಡಂತೆ ಅನ್ನಿಸುತ್ತವೆ. ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲಿಯೇ ಅಳೆದು ತೋರಿಸಿದ್ದಾರೆ. ಅಂಗಡಿಯಲ್ಲಿ ಗಟ್ಟಿಯಾಗಿ ಕೇಳಿಸುವ ಸ್ಪೀಕರನ್ನೇ ಒಳ್ಳೆಯದೆಂದು ನಾವು ಕೊಂಡು ತರುವುದೂ ಇದರಿಂದಲೇ.

ಎರಡನೆಯ ಸುತ್ತಿನಲ್ಲಿ ಆ್ಯಪ್ ನೋಡಿಕೊಂಡು ಎರಡೂ ಜೋಡಣೆಗಳ ಗಟ್ಟಿತನವನ್ನು ಸಮ ಮಾಡಿ, ಸ್ಪೀಕರ್‌ಗಳನ್ನು ಪರದೆಯ ಹಿಂದಿಟ್ಟು, ಯಾವುದೆಂದು ಹೇಳದೆ ನುಡಿಸಿದರು. ಈಗ ಮಕ್ಕಳ ಊಹೆ ಸರಿಯೂ ಆಯಿತು, ತಪ್ಪೂ ಆಯಿತು; ನಾಣ್ಯ ಚಿಮ್ಮಿದ ಹಾಗೆ. ಹುಡುಗನಿಗೂ ಗುರುತಿಸಲಾಗಲಿಲ್ಲ. ಇದು ಸಹಜವೇ. ಒಂದೇ ಬಗೆಯ ಎರಡು ಸ್ಪೀಕರ್ ಸರಣಿಯಲ್ಲಿದ್ದರೆ ಯಾವ ಆವೃತ್ತಿಯಲ್ಲಿಯೂ ವೋಲ್ಟೇಜ್ ಅವುಗಳ ನಡುವೆ ಸರಿ ಅರ್ಧವಾಗಿಯೇ ಹಂಚಿಹೋಗುತ್ತದೆ; ಹಾಗಾಗಿ ಒಳರೋಧ ತೀರ ಕಡಿಮೆಯಿರುವ ಆಂಪ್ಲಿಫೈಯರಿನಲ್ಲಿ ಗೆರೆಯ ಆಕಾರ ಬದಲಾಗದು.

ಮೂರನೆಯ ಸುತ್ತಿನಲ್ಲಿ ಒಂದು ಸ್ಪೀಕರನ್ನು ತೆಗೆದು ಬೇರೆ ಮಾದರಿಯದನ್ನು ಇಟ್ಟರು. ಗಟ್ಟಿತನ ಮತ್ತೆ ಸಮ. ಈ ಸಲ ಸರಣಿಗೂ ಸಮಾಂತರಕ್ಕೂ ವ್ಯತ್ಯಾಸ ಕೇಳಿತು. ಕಾರಣ ಮತ್ತೆ ಭಾಗಾಕಾರ: ಒಂದು ಸ್ವರದಲ್ಲಿ ಮೊದಲ ಸ್ಪೀಕರ್ 40 ಓಮ್, ಎರಡನೆಯದು 8 ಓಮ್ ಆಗಿ ಕಂಡರೆ, ಸರಣಿಯಲ್ಲಿ ಮೊದಲನೆಯದಕ್ಕೆ 5/6 ಭಾಗ ವೋಲ್ಟೇಜ್, ಎರಡನೆಯದಕ್ಕೆ 1/6. ಸಮಾಂತರದಲ್ಲಿ ಎರಡಕ್ಕೂ ಪೂರ್ತಿ. ಅಣ್ಣನ ಮಾತು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಯಾವ ಸ್ಪೀಕರ್, ಯಾವ ಆಂಪ್ಲಿಫೈಯರ್ ಎಂಬುದರ ಮೇಲೆ ಅದು ನಿಂತಿದೆ.

ಕೊನೆಗೆ ಹುಡುಗಿಯನ್ನೇ ಮುಂದೆ ಕರೆದರು. 1.5 ವೋಲ್ಟಿನ ಸೆಲ್ ಅನ್ನು ಸ್ಪೀಕರಿನ ತುದಿಗಳಿಗೆ ಒಂದು ಕ್ಷಣ ಮುಟ್ಟಿಸಿದರೆ ಕೋನ್ ಹೊರಗೆ ನೆಗೆಯುತ್ತದೆ. ಸೆಲ್ ತಿರುಗಿಸಿದರೆ ಒಳಗೆ ಸರಿಯುತ್ತದೆ. “ಪ್ಲಸ್ಸು ಮೈನಸ್ಸು ಅದಲುಬದಲಾದ್ರೆ ಬಾಸ್ ಹೋಗ್ಬಿಡುತ್ತೆ, ಅಪ್ಪ ಮೊದಲು ಇದನ್ನೇ ನೋಡೋದು” ಎಂದಳು. ಒಂದೇ ಬಗೆಯ ಎರಡು ಸ್ಪೀಕರ್‌ಗಳನ್ನು ಅಕ್ಕಪಕ್ಕ ಸಮಾಂತರದಲ್ಲಿಟ್ಟು, ಒಂದರ ತಂತಿಗಳನ್ನು ತಿರುಗಿಸಿ ಜೋಡಿಸಿದಳು. ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ತಗ್ಗು ಸ್ವರಗಳು ಒಂದನ್ನೊಂದು ಅಳಿಸುತ್ತವೆ. ಪರದೆಯಿದ್ದರೂ ಕೊನೆಯ ಬೆಂಚಿನವರೂ ತಕ್ಷಣ ಗುರುತಿಸಿದರು. ಒಟ್ಟು ರೋಧ ಆಗಲೂ 4 ಓಮ್, ಈಗಲೂ 4 ಓಮ್. ಆ ದಿನ ಕೇಳಿದ ವ್ಯತ್ಯಾಸಗಳಲ್ಲೆಲ್ಲ ದೊಡ್ಡದು, ಸೂತ್ರಕ್ಕೆ ಕಾಣಿಸುವುದೇ ಇಲ್ಲ.

ಪಠ್ಯಕ್ಕೆ ಹೊರಗೇ?

ಪಾಠದ ನಂತರದ ಚರ್ಚೆಯಲ್ಲಿ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಆಕ್ಷೇಪ ಎತ್ತಿದರು. “ಇದು ಪಠ್ಯದಲ್ಲಿಲ್ಲ. ಮಾರ್ಚಿಯಲ್ಲಿ ಪರೀಕ್ಷೆ ಬರೆಯೋ ಮಕ್ಕಳಿಗೆ ಇಂಪೀಡೆನ್ಸ್ ಯಾಕೆ ಸಾರ್? ಮೊದಲ ದಿನದ ಪಾಠ ಮುಗಿದೂ ಇಲ್ಲ. ಅಂಕ ಹೇಗೆ ಕೊಡ್ತೀರಿ?” ಅವರ ಮಾತಿನಲ್ಲಿ ಹುರುಳಿದೆ. ಅವಧಿ 40 ನಿಮಿಷ, ಘಟಕಗಳು ಬಾಕಿ, ಗೊಂದಲಗೊಂಡ ಮಗು ಸುಲಭದ ಎರಡು ಅಂಕ ಕಳೆದುಕೊಂಡರೆ ಹೊಣೆ ಯಾರು? ಬೋಧನಾಭ್ಯಾಸದ ಅಂಕ ಪ್ರಶಿಕ್ಷಣಾರ್ಥಿಯ ಫಲಿತಾಂಶಕ್ಕೂ ಸೇರುತ್ತದೆ. ಅದು ಹಗುರವಾದ ವಿಷಯವಲ್ಲ.

ನನ್ನ ಉತ್ತರ ಇಷ್ಟು. ಇಂಪೀಡೆನ್ಸ್ ಎಂಬ ಪದ ಆ ತರಗತಿಯಲ್ಲಿ ಬರಲೇ ಇಲ್ಲ. ಬಂದದ್ದು ಒಂದೇ ವಾಕ್ಯ: ‘ಈ ಸೂತ್ರದಲ್ಲಿ ನಾವು ಹಾಕುವ ರೋಧ, ಬದಲಾಗದೆ ನಿಂತ ರೋಧ.’ ಪಾಠದ ಹಲಗೆಯಲ್ಲಿ ಈ ವಾಕ್ಯ ಇದ್ದರೆ ಸೂತ್ರಕ್ಕೆ ಯಾವ ಕುಂದೂ ಇಲ್ಲ. ಮಗು ಪರೀಕ್ಷೆಯಲ್ಲಿ ಅದನ್ನೇ ಬಳಸುತ್ತದೆ. ವಾಕ್ಯ ಇಲ್ಲದಿದ್ದರೆ, ಸೂತ್ರ ಎಲ್ಲ ವಸ್ತುಗಳಿಗೂ ಎಲ್ಲ ಹೊತ್ತಿಗೂ ಸಲ್ಲುತ್ತದೆ ಎಂದು ನಾವು ಮೌನವಾಗಿ ಹೇಳಿದಂತೆ. ಓಮ್ ನಿಯಮವನ್ನು ಹೇಳುವಾಗ ‘ತಾಪ ಸ್ಥಿರವಾಗಿದ್ದರೆ’ ಎಂದು ನಾವೇ ಬರೆಸುತ್ತೇವಲ್ಲ, ಅದು ಕೂಡ ಇಂಥದೇ ಒಂದು ಗಡಿಗೆರೆ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ಏಕೆಂದರೆ ಗಡಿಯಾಚೆ ಏನಾಗುತ್ತದೆಂದು ಅವರು ಒಮ್ಮೆಯೂ ನೋಡಿಲ್ಲ. ಇಲ್ಲಿ ಅವರು ಕಿವಿಯಾರೆ ಕೇಳಿದರು.

ಮೊದಲ ದಿನದ ಪಾಠಕ್ಕೆ ನಾನು ಅಂಕ ಕಡಿಮೆ ಮಾಡಲಿಲ್ಲ. ‘ಮೌಲ್ಯಮಾಪನ ಹಂತ ಅಪೂರ್ಣ’ ಎಂಬುದನ್ನು ಬರೆದೆ. ಅದರ ಕೆಳಗೆ, ಅಪೂರ್ಣವಾದದ್ದು ಎರಡು ಪ್ರಶ್ನೆಗಳಿಗೆ ಜಾಗ ಕೊಟ್ಟದ್ದರಿಂದ ಎಂದೂ ಬರೆದೆ. ನಮ್ಮ ಅವಲೋಕನ ಪತ್ರದಲ್ಲಿ ಪ್ರಶ್ನೆ ಕೇಳುವ ಕೌಶಲಕ್ಕೆ ಅಂಕಣವಿದೆ, ಸಮಯ ಪಾಲನೆಗೆ ಅಂಕಣವಿದೆ. ವಿದ್ಯಾರ್ಥಿಯ ಪ್ರಶ್ನೆಯನ್ನು ಶಿಕ್ಷಕರು ಏನು ಮಾಡಿದರು ಎಂಬುದಕ್ಕೆ ಅಂಕಣವಿಲ್ಲ. ಅದೊಂದನ್ನು ಸೇರಿಸಬೇಕೆಂಬುದು ನನ್ನ ಸಲಹೆ. ಸಹೋದ್ಯೋಗಿ ಇನ್ನೂ ಪೂರ್ತಿ ಒಪ್ಪಿಲ್ಲ. ಪ್ರಶ್ನೆಯೊಂದಕ್ಕೆ ಮೂರು ನಿಮಿಷದ ಮಿತಿ ಇರಲಿ ಎನ್ನುತ್ತಾರೆ. ಅದು ಚರ್ಚೆಗೆ ಯೋಗ್ಯವಾದ ಮಾತು.

ಮಾಡಿ ನೋಡುವವರಿಗೆ

ಈ ಪಾಠವನ್ನು ತೆಗೆದುಕೊಳ್ಳಬಯಸುವ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಮಾತು. ಗಿಟಾರ್ ಕಡ್ಡಾಯವಲ್ಲ; ಮೊಬೈಲಿನಿಂದ ಒಂದೇ ಸ್ವರ ನುಡಿಸಿದರೂ ಸಾಕು. ಸ್ಪೀಕರ್, ಸಣ್ಣ ಆಂಪ್ಲಿಫೈಯರ್ ಬೋರ್ಡು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುತ್ತವೆ. ಅದಕ್ಕಿಂತ ಮೊದಲು ಊರಿನ ಮೈಕ್‌ಸೆಟ್ ಅಂಗಡಿಯವರನ್ನು ಕೇಳಿ, ಸಾಧ್ಯವಾದರೆ ತರಗತಿಗೇ ಕರೆಯಿರಿ. ವಾಲ್ವ್ ಆಂಪ್ಲಿಫೈಯರಿನ ಗುಣವನ್ನು ತೋರಿಸಲು ವಾಲ್ವ್ ಬೇಡ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಮತ್ತು ಒಂದು ಸ್ಪೀಕರಿನ ನಡುವೆ 10 ಓಮ್, 10 ವ್ಯಾಟಿನ ರೋಧಕವನ್ನು ಸರಣಿಯಲ್ಲಿಟ್ಟು, ಗಟ್ಟಿತನ ಸಮ ಮಾಡಿ ಕೇಳಿಸಿ. ಸಹಜ ಆವೃತ್ತಿಯ ಬಳಿಯ ಸ್ವರಗಳು ಉಬ್ಬುತ್ತವೆ.

ಮಕ್ಕಳು ಕೂರುವ ಜಾಗವೂ ಫಲಿತಾಂಶವನ್ನು ಬದಲಿಸುತ್ತದೆ. ಶಬ್ದದ ವೇಗ ಸೆಕೆಂಡಿಗೆ 344 ಮೀಟರ್ ಎಂದು ಹಿಡಿದರೆ 100 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 3.4 ಮೀಟರ್, ಅದು ಎಲ್ಲೆಡೆ ಹರಡುತ್ತದೆ. 4,000 ಹರ್ಟ್ಸ್‌ನದು ಸುಮಾರು 8.6 ಸೆಂಟಿಮೀಟರ್, ಕೋನಿಗಿಂತ ಚಿಕ್ಕದು. ಅದು ಟಾರ್ಚಿನ ಬೆಳಕಿನಂತೆ ನೇರ ಹೋಗುತ್ತದೆ. ಬದಿಯಲ್ಲಿ ಕೂತವರಿಗೆ ದನಿ ಮಂಕು. ಆದ್ದರಿಂದ ಒಂದು ಸುತ್ತು ಮುಗಿಯುವವರೆಗೆ ಯಾರೂ ಜಾಗ ಬದಲಿಸದಿರಲಿ.

ಸುರಕ್ಷತೆಯ ಮಾತು ಎಲ್ಲಕ್ಕಿಂತ ಮುಖ್ಯ. ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ಮೇಲೆ ಬರೆದ ಕನಿಷ್ಠ ಓಮ್‌ಗಿಂತ ಕೆಳಗೆ ಹೋಗಬೇಡಿ, ಪ್ರವಾಹ ಮಿತಿಮೀರುತ್ತದೆ. ವಾಲ್ವ್ ಆಂಪ್ಲಿಫೈಯರನ್ನು ಸ್ಪೀಕರ್ ಇಲ್ಲದೆ ನುಡಿಸಬೇಡಿ. ಅದರ ಟ್ರಾನ್ಸ್‌ಫಾರ್ಮರ್ ಹಾಳಾಗಬಹುದು. ಅದನ್ನು ಬಿಚ್ಚಲೂ ಬೇಡಿ. ಸ್ವಿಚ್ ಆರಿಸಿದ ಮೇಲೂ ಒಳಗೆ ಪ್ರಾಣಕ್ಕೆ ಎರವಾಗುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಗಿಟಾರಿನ ಕೇಬಲ್ಲಿಗೂ ಸ್ಪೀಕರ್ ಕೇಬಲ್ಲಿಗೂ ಒಂದೇ ಬಗೆಯ ಜ್ಯಾಕ್ ಇರಬಹುದು. ಆದರೆ ಗಿಟಾರಿನದರಲ್ಲಿ ತಂತಿ ತೆಳು, ಸ್ಪೀಕರಿನ ಪ್ರವಾಹಕ್ಕೆ ಅದು ತಕ್ಕದ್ದಲ್ಲ.

ಪಾಠದ ಕೊನೆಗೆ ಕೇಳಬಹುದಾದ ಪ್ರಶ್ನೆಗಳು: 16 ಓಮ್‌ನ ನಾಲ್ಕು ಸ್ಪೀಕರ್‌ಗಳಿಂದ 16 ಓಮ್ ಪಡೆಯುವುದು ಹೇಗೆ? ಅವುಗಳಲ್ಲಿ ಒಂದು ಕೆಟ್ಟರೆ ಏನಾಗುತ್ತದೆ? ದೀಪದ ಅಲಂಕಾರದ ಸರಕ್ಕೆ ‘ಸೀರಿಯಲ್ ಸೆಟ್’ ಎಂಬ ಹೆಸರು ಏಕೆ? ಒಟ್ಟು ರೋಧ ಒಂದೇ ಇದ್ದೂ ದನಿ ಬೇರೆಯಾಗುವ ಎರಡು ಸಂದರ್ಭ ಹೇಳಿ. ಮೊದಲ ಮೂರಕ್ಕೆ ಪಠ್ಯಪುಸ್ತಕ ಸಾಕು. ನಾಲ್ಕನೆಯದಕ್ಕೆ ಕೇಳಿದ್ದವರು ಮಾತ್ರ ಉತ್ತರಿಸಬಲ್ಲರು. ಆ ತರಗತಿಯಲ್ಲಿ ಅದಕ್ಕೆ ಮೊದಲು ಎದ್ದ ಕೈ ಹಿಂದಿನ ಸಾಲಿನದು.